ನೆಗೆಣ್ಣಿಯ ರಕ್ತದ ಹಿಂದೆ ಜರ್ಮನಿಗೆ

ಹೊರಡುವ ಮುಂಚೆ: ಬಳ್ಳಾರಿಯ ಪಾರ್ವತಿನಗರ

ಜರ್ಮನಿಗೆ ಹೋಗಿ ಬಂದೆ ಅಂದಕೂಡಲೇ ನಮ್ಮ ಓಣಿಯ ಹೆಂಗಸರು ಫೋಟೋ ಕೇಳುತ್ತಾರೆ. ಕೋಟೆ ನೋಡಿದಿರಾ, ಹಿಮ ನೋಡಿದಿರಾ ಎನ್ನುತ್ತಾರೆ. ನನ್ನ ಫೋನಿನಲ್ಲಿರುವುದು ಒಂದು ಆಸ್ಪತ್ರೆಯ ಕಿಟಕಿ, ಗೋಡೆಗೆ ಅಂಟಿಸಿದ ಒಂದು ಚೀಟಿ, ಮತ್ತೆ ಕಂಬಿಗೆ ನೇತುಹಾಕಿದ ಅಂಗೈಯಗಲದ ಒಂದು ಪ್ಲಾಸ್ಟಿಕ್ ಚೀಲ. ಆ ಚೀಲದ ಫೋಟೋವನ್ನು ಬೇಡವೆಂದವರಿಗೂ ತೋರಿಸುತ್ತೇನೆ. ನೋಡಿದವರು ಮರ್ಯಾದೆಗೆ "ಚಂದೈತ್ರಿ" ಅಂದು ಫೋನು ವಾಪಸ್ಸು ಕೊಡುತ್ತಾರೆ. ಅದರೊಳಗೆ ಏನಿತ್ತು ಎಂದು ಇದುವರೆಗೆ ಯಾರೂ ಕೇಳಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಅನ್ನಪೂರ್ಣ ನನ್ನ ನೆಗೆಣ್ಣಿ, ನನ್ನ ಮೈದುನನ ಹೆಂಡತಿ. ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ಗದ್ದೆ, ಮನೆ ಎರಡನ್ನೂ ಒಂದೇ ಗತ್ತಿನಲ್ಲಿ ನಡೆಸುವವಳು. ನಾಟಿಗೆ ಆಳು ಕಡಿಮೆಯಾದರೆ ಸೀರೆ ಎತ್ತಿ ಕಟ್ಟಿ ತಾನೇ ಕೆಸರಿಗೆ ಇಳಿಯುತ್ತಿದ್ದಳು. ಅಂಥವಳು ಎರಡು ವರ್ಷದ ಹಿಂದೆ ಸಿರುಗುಪ್ಪದ ಬಸ್ಸಿಗೆ ಒಂದು ಕಾಲು ಎತ್ತಿಟ್ಟಳು, ಇನ್ನೊಂದು ಮೇಲೆ ಬರಲಿಲ್ಲ. ಕಂಡಕ್ಟರು "ಲಗೂ ಹತ್ತಮ್ಮಾ" ಎಂದು ಗದರಿದ. ಹಿಂದಿದ್ದ ಹೆಂಗಸರು ಮೂಟೆ ನೂಕಿದ ಹಾಗೆ ನೂಕಿ ಹತ್ತಿಸಿದರು. ಆವತ್ತು ಅವಳೂ ನಕ್ಕಿದ್ದಳಂತೆ. ಆಮೇಲೆ ತಲೆ ಬಾಚಲು ಕೈ ಏಳಲಿಲ್ಲ. ಆಮೇಲೆ ಹಾಸಿಗೆಯಿಂದ ಎಬ್ಬಿಸಲು ಒಬ್ಬರು ಬೇಕಾಯಿತು. ಕೊನೆಗೆ ಅನ್ನ ನುಂಗುವುದೇ ಕಷ್ಟವಾಯಿತು.

ನಮ್ಮ ನೆಂಟರಿಷ್ಟರೆಲ್ಲ ಆ ಹೊತ್ತಿಗೆ ಡಾಕ್ಟರಾದರು. ನನ್ನ ತವರು ಕುರುಗೋಡಿನವರು ವಾಯು ಅಂದರು, ಮೋಕದ ನೆಂಟರು ದೃಷ್ಟಿ ಅಂದರು, ಒಬ್ಬರು ತಪ್ಪನ್ನು ಬದನೆಕಾಯಿಯ ಮೇಲೆ ಹಾಕಿದರು. ನಿಜವಾದ ಹೆಸರು ಹೇಳಿದವರು ಬಳ್ಳಾರಿಯ ನಮ್ಮ ಡಾಕ್ಟರಮ್ಮ. ಇದು ಮಯೋಸೈಟಿಸ್, ಕಾಹಿಲೆ ಸ್ನಾಯುಗಳದ್ದಾದರೂ ತಪ್ಪು ಸ್ನಾಯುಗಳದ್ದಲ್ಲ ಎಂದರು. ರಕ್ತದಲ್ಲಿ ಓಡಾಡುವ ರೋಗನಿರೋಧಕ ಕೋಶಗಳು ಹೊರಗಿನಿಂದ ಬಂದ ಕ್ರಿಮಿಯನ್ನು ಗುರುತಿಸಿ ಕೊಲ್ಲಬೇಕು. ಇವಳೊಳಗೆ ಅವು ಇವಳ ಸ್ನಾಯುಗಳನ್ನೇ ಹೊರಗಿನವು ಎಂದು ಬಗೆದಿವೆ. ಅದರಲ್ಲೂ ಬಿ ಕೋಶಗಳೆಂಬ ಒಂದು ಜಾತಿ, ಇವಳ ಮೈಗೇ ಇವಳ ಮೈ ವಿರುದ್ಧ ಚಾಡಿ ಹೇಳುವ ಪ್ರತಿಕಾಯಗಳನ್ನು ತಯಾರಿಸುತ್ತಿದೆ ಎಂದರು.

ನಾನು ತಲೆಯಾಡಿಸಿದೆ. ಬ್ಯಾಂಕಿನ ಗುಮಾಸ್ತಿಕೆಯಲ್ಲಿ ಕಲಿತದ್ದು ಅದೊಂದೇ, ತಿಳಿಯದಿದ್ದರೂ ತಲೆಯಾಡಿಸುವುದು. ಅನ್ನಪೂರ್ಣಗೆ ಮಾತ್ರ ಕೂಡಲೇ ತಿಳಿಯಿತು.

"ಹಂಗಾರ ಕಳಿ ಕೀಳಾಕ ಹಚ್ಚಿದ ಆಳು ಪೈರು ಕೀಳಾಕ ಹತ್ಯಾರ ಅನ್ರಿ," ಎಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಹೌದ್ರಿ. ಅದನ್ನ ನಾ ಇನ್ನ ಮ್ಯಾಲ ಎಲ್ಲಾರಿಗೂ ಹೇಳ್ತೀನಿ," ಎಂದರು.

ಆಳುಗಳನ್ನು ಸುಮ್ಮನಿರಿಸಲು ಸ್ಟೀರಾಯ್ಡ್ ಕೊಟ್ಟರು. ಅದು ಒಳ್ಳೆಯ ಆಳು, ಕೆಟ್ಟ ಆಳು ಎಲ್ಲರನ್ನೂ ಮಲಗಿಸಿತು. ಅನ್ನಪೂರ್ಣಳ ಮುಖ ಊದಿ ಹುಣ್ಣಿಮೆ ಚಂದ್ರನಾಯಿತು. ಗುಳಿಗೆ ಇಳಿಸಿದರೆ ಕಾಹಿಲೆ ಏರುತ್ತಿತ್ತು. ಬೇರೆ ಬೇರೆ ಔಷಧಿ ಬಂದು ಹೋದವು. ಒಂದು ದಿನ ಡಾಕ್ಟರಮ್ಮ ನನ್ನೊಬ್ಬಳನ್ನೇ ಕರೆದು, ಇದು ಎದೆಯ ಸ್ನಾಯುಗಳಿಗೆ ಇಳಿದರೆ ಉಸಿರಿನ ಪ್ರಶ್ನೆ ಎಂದರು. ತಾವು ಹಿಂದೆ ಕಲಿತು ಬಂದ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಹೊಸ ಚಿಕಿತ್ಸೆಯೊಂದರ ಪ್ರಯೋಗ ನಡೆದಿದೆ, ಬರೆದು ಕೇಳಿದ್ದೇನೆ, ಸೇರಿಸಿಕೊಳ್ಳಲು ಒಪ್ಪಿದ್ದಾರೆ, ಜೊತೆಗೆ ಇಂಗ್ಲಿಷ್ ಬರುವ ಒಬ್ಬರು ಬೇಕು ಎಂದರು. ಮೈದುನನಿಗೆ ಇಂಗ್ಲಿಷ್ ಬರುವುದಿಲ್ಲ. ಸೂಜಿ ಕಂಡರೆ ನಿಂತಲ್ಲೇ ಬೀಳುತ್ತಾನೆ. ಹೀಗೆ ಜರ್ಮನಿ ನನ್ನ ಪಾಲಿಗೆ ಬಂತು.

ವಿಮಾನ ನಿಲ್ದಾಣ

ಅನ್ನಪೂರ್ಣ ಗಾಲಿಕುರ್ಚಿಯಲ್ಲಿ, ನಾನು ಹಿಂದೆ. ನಡುವೆ ವಿಮಾನ ಬದಲಿಸಿದ ಕಡೆ ತಪಾಸಣೆಯಲ್ಲಿ ಅವಳನ್ನು ಎಬ್ಬಿಸಿ ಗಾಜಿನ ಗೂಡಿನೊಳಗೆ ನಿಲ್ಲಿಸಿದರು. ಎರಡೂ ಕೈ ತಲೆಯ ಮೇಲೆ ಎತ್ತಿ ಎಂದು ಗೋಡೆಯ ಮೇಲಿನ ಗೊಂಬೆ ತೋರಿಸುತ್ತಿತ್ತು. ಅವಳು ಎತ್ತಿದಳು. ಕೈಗಳು ಸೊಂಟದಿಂದ ಒಂದಿಷ್ಟು ಮೇಲೆ ಬಂದು ನಿಂತವು. ಹುಡುಗಿ "ಮೇಲೆ, ಇನ್ನೂ ಮೇಲೆ" ಎಂದಳು. ಅನ್ನಪೂರ್ಣಳ ಕಣ್ಣು ನನ್ನ ಕಡೆ ತಿರುಗಿತು. ನಾನು ಓಡಿ ಹೋಗಿ ಅವಳ ಕೈ ಹಿಡಿದೆತ್ತಲು ನೋಡಿದೆ. ನನ್ನನ್ನು ತಡೆದರು. ಇಬ್ಬರೂ ಒಟ್ಟಿಗೆ ಗೂಡಿನೊಳಗೆ ಹೋಗುವ ಹಾಗಿಲ್ಲವಂತೆ.

ಕೊನೆಗೆ ಪಕ್ಕಕ್ಕೆ ಕರೆದು ಕೈಯಿಂದ ತಪಾಸಣೆ ಮಾಡಿದರು. ಅಲ್ಲಿ ಎರಡನೆಯ ಫಜೀತಿ. ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಬೆಂಗಳೂರಿನಲ್ಲಿ ಯಾರೂ ಕೇಳಿರಲಿಲ್ಲ, ಇಲ್ಲಿ ಕೇಳಿದರು. ಒಳಗೆ ಏನಿದೆ ಎಂದಾಗ ನಾನು ಹಿಂದು ಮುಂದು ನೋಡದೆ "ದೇವರು" ಎಂದೆ. ಅಧಿಕಾರಿ ದೇವರನ್ನು ತೆರೆದು ತೋರಿಸಿ ಎಂದ. ಅನ್ನಪೂರ್ಣ ಬೇರೆಯವರ ಕೈಗೆ ಕೊಡಲಾರೆ ಎಂದು ತಾನೇ ತೆರೆದಳು. ಅವನು ಒಂದು ಬಿಳಿ ಪಟ್ಟಿಯನ್ನು ಕರಡಿಗೆಯ ಹೊರಮೈಗೆ ಸವರಿ ಯಂತ್ರದೊಳಗೆ ಹಾಕಿದ. ಸ್ಫೋಟಕ ಏನಾದರೂ ಇದೆಯೇ ಎಂದು ನೋಡುವುದಂತೆ. ಹಸಿರು ದೀಪ ಹತ್ತಿತು.

"ಪಾಸಾದ್ನಾ ಶಿವ?" ಎಂದಳು ಅನ್ನಪೂರ್ಣ.

"ಪಾಸಾದ."

"ನಾ ಮಾತ್ರ ನಪಾಸು ನೋಡ್ರಿ ಅಕ್ಕಾ. ಕೈ ಎತ್ತು ಅಂದ್ರ ಎತ್ತಾಕ ಬರವಲ್ದು."

ನಗುತ್ತಲೇ ಹೇಳಿದಳು. ವಿಮಾನದಲ್ಲಿ ಅವಳು ನಿದ್ದೆ ಹೋದ ಮೇಲೆ ನಾನು ಮುಖಕ್ಕೆ ಸೆರಗು ಹಾಕಿಕೊಂಡು ಅತ್ತೆ. ಇವಳನ್ನು ಹೀಗೇ ವಾಪಸ್ಸು ಕರೆತರುವ ಪಾಳಿ ಬಂದರೆ ಮೈದುನನಿಗೆ ಯಾವ ಮುಖ ತೋರಿಸಲಿ ಎಂಬುದೊಂದೇ ತಲೆಯಲ್ಲಿತ್ತು.

ಆಸ್ಪತ್ರೆಯ ಊರು

ಊರ ನಡುವೆ ಹೊಳೆ, ಸುತ್ತ ಗುಡ್ಡ. ಕುರುಗೋಡಿನಲ್ಲಿ ಬೆಳೆದ ನನಗೆ ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ, ಮಧ್ಯಾಹ್ನ ಮುಟ್ಟಿದರೆ ಚುರ್ ಅನ್ನಬೇಕು. ಇಲ್ಲಿನ ಗುಡ್ಡಗಳಲ್ಲಿ ಹುಡುಕಿದರೂ ಒಂದು ಬಂಡೆ ಕಾಣಲಿಲ್ಲ, ಬರೀ ಹಸಿರು. ಅನ್ನಪೂರ್ಣ ಆಸ್ಪತ್ರೆಯ ಆರನೇ ಮಹಡಿಯಲ್ಲಿ, ನಾನು ಎದುರು ರಸ್ತೆಯ ಅತಿಥಿಗೃಹದಲ್ಲಿ.

ಮೊದಲ ದಿನವೇ ಒಂದು ಅಚ್ಚರಿ ಕಂಡೆ. ಬೆಳಗ್ಗೆ ರಸ್ತೆ ದಾಟಬೇಕು. ಆ ಕಡೆಯಿಂದ ಈ ಕಡೆಯವರೆಗೆ ಒಂದು ಸೈಕಲ್ಲೂ ಇಲ್ಲ. ಆದರೂ ಸಿಗ್ನಲ್ಲಿನಲ್ಲಿ ಕೆಂಪು ಮನುಷ್ಯ ಇದ್ದಾನೆಂದು ಹತ್ತಾರು ಜನ ಗುಂಪಾಗಿ ನಿಂತಿದ್ದಾರೆ. ಒಬ್ಬರಿಗೂ ಅವಸರವಿಲ್ಲ. ನಮ್ಮ ಬಳ್ಳಾರಿಯ ಮೋತಿ ಸರ್ಕಲ್ಲಿನಲ್ಲಿ ಇಷ್ಟು ಹೊತ್ತು ಸುಮ್ಮನೆ ನಿಂತರೆ ಯಾರಾದರೂ ಬಂದು "ಏನ್ರಿ, ಆರಾಮಿಲ್ಲೇನು" ಎಂದು ಕೇಳುತ್ತಾರೆ. ನಾಯಿಗಳು ಬಸ್ಸಿನಲ್ಲಿ ಒಡೆಯರ ಕಾಲ ಬಳಿ ಕೂತು ಪ್ರಯಾಣಿಸುತ್ತವೆ, ಬೊಗಳುವುದಿಲ್ಲ. ಮನುಷ್ಯರೂ ಹಾಗೇ, ಪಕ್ಕದಲ್ಲಿ ಕೂತವರು ಊರು, ಮನೆ, ಮಕ್ಕಳು ಏನನ್ನೂ ಕೇಳುವುದಿಲ್ಲ. ಮೂರು ದಿನಕ್ಕೆ ನನಗೆ ಬಾಯಿ ಕಡಿಯತೊಡಗಿತು.

ಭಾನುವಾರ ಆಸ್ಪತ್ರೆಯ ಬ್ರೆಡ್ಡು ತಿಂದು ಬೇಸತ್ತು ರೊಟ್ಟಿ ಮಾಡೋಣವೆಂದು ಊರಿನಿಂದ ತಂದ ಜೋಳದ ಹಿಟ್ಟು ನಾದಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಬಡಿಯಲು ಶುರು ಮಾಡಿದೆ. ಎರಡನೇ ರೊಟ್ಟಿಯ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕೆಳಗಿನ ಮನೆಯ ಮುದುಕ, ಇಸ್ತ್ರಿ ಮಾಡಿದ ಅಂಗಿ, ಬೆಳ್ಳನೆಯ ಮೀಸೆ. ಇಂದು ಭಾನುವಾರ, ಭಾನುವಾರ ಸದ್ದು ಮಾಡುವ ಹಾಗಿಲ್ಲ, ನೀವು ಗೋಡೆಗೆ ಮೊಳೆ ಹೊಡೆಯುತ್ತಿದ್ದೀರಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಮೊಳೆಯಲ್ಲ, ಊಟ ಎಂದೆ. ಅವನು ನಂಬಲಿಲ್ಲ. ಒಳಗೆ ಕರೆದು ರೊಟ್ಟಿ ಬಡಿದು ತೋರಿಸಿದೆ. ಅವನು ಕೈ ಕಟ್ಟಿಕೊಂಡು ನಿಂತು, ರೊಟ್ಟಿ ಅಗಲವಾಗಿ ತಿರುಗುವುದನ್ನು ಪೂರ್ತಿ ನೋಡಿದ. ಆಮೇಲೆ ಗಂಭೀರವಾಗಿ, "ಶನಿವಾರ ಮಾಡಿಕೊಳ್ಳಿ," ಎಂದು ಹೇಳಿ ಹೋದ. ಬಿಸಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೂ ಮುಟ್ಟಲಿಲ್ಲ. ನನಗೆ ಸಿಟ್ಟು ಬಂತು. ಆವತ್ತು ಉಳಿದ ಹಿಟ್ಟನ್ನು ಸದ್ದಿಲ್ಲದೆ ಒತ್ತಿ ಒತ್ತಿ ತಟ್ಟಿದೆ. ಚಪ್ಪಲಿಯಂಥ ರೊಟ್ಟಿಯಾಯಿತು.

ಚೀಲ ಬಂದ ದಿನ

ಚಿಕಿತ್ಸೆ ಹೀಗೆ. ರೋಗನಿರೋಧಕ ಕೋಶಗಳಲ್ಲಿ ಟಿ ಕೋಶಗಳೆಂಬ ಇನ್ನೊಂದು ಜಾತಿಯಿದೆ. ಕೊಲ್ಲುವುದರಲ್ಲಿ ಅವು ಪಳಗಿದವು. ಅನ್ನಪೂರ್ಣಳ ಟಿ ಕೋಶಗಳನ್ನು ಹೊರಗೆ ತೆಗೆಯುತ್ತಾರೆ. ಬಿ ಕೋಶದ ಮೈಮೇಲಿನ ಗುರುತೊಂದನ್ನು ಹಿಡಿಯುವ ಕೊಂಡಿಯನ್ನು ಪ್ರಯೋಗಾಲಯದಲ್ಲಿ ಅವುಗಳಿಗೆ ಜೋಡಿಸುತ್ತಾರೆ. ಅವನ್ನು ಬೆಳೆಸಿ, ಸಾವಿರ ಪಟ್ಟು ಮಾಡಿ, ಅವಳ ಮೈಗೇ ವಾಪಸ್ಸು ಬಿಡುತ್ತಾರೆ. ಅವು ಚಾಡಿಕೋರ ಬಿ ಕೋಶಗಳನ್ನು ಒಂದೂ ಬಿಡದೆ ಹುಡುಕಿ ಮುಗಿಸಬೇಕು. ಸ್ವಲ್ಪ ದಿನಕ್ಕೆ ಎಲುಬಿನ ಒಳಗಿನಿಂದ ಹೊಸ ಬಿ ಕೋಶಗಳು ಹುಟ್ಟಿ ಬರುತ್ತವೆ. ಅವಕ್ಕೆ ಹಳೆಯ ದ್ವೇಷ ಇರುವುದಿಲ್ಲ ಎಂಬುದು ಡಾಕ್ಟರರ ನಂಬಿಕೆ.

ಇದನ್ನು ವಿವರಿಸಿದವರು ಡಾಕ್ಟರ್ ಹೆನ್ನಿಂಗ್, ಲೈಟು ಕಂಬದಷ್ಟು ಎತ್ತರದ ಮನುಷ್ಯ. ನಾನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

"ಅಂದ್ರ ಕೆಟ್ಟ ಆಳನ್ನೆಲ್ಲಾ ಬಿಡಿಸಿ ಹೊಸಾ ಆಳು ಹಚ್ಚೋದು," ಎಂದಳು ಅನ್ನಪೂರ್ಣ. "ಬಿಡಸಾಕ ಹೋದವರು ಗದ್ದಿ ತುಳಿದು ಹಾಳು ಮಾಡಿದ್ರ?"

ಡಾಕ್ಟರಿಗೆ ಅದನ್ನೇ ಕೇಳಿದೆ. ಅವರು ಒಳ್ಳೆಯ ಪ್ರಶ್ನೆ ಎಂದರು. ಒಮ್ಮೊಮ್ಮೆ ಹಾಗಾಗುತ್ತದೆ, ಜ್ವರ ಬರಬಹುದು, ಅಪರೂಪಕ್ಕೆ ಮಿದುಳಿಗೂ ತಾಕಬಹುದು, ಅದಕ್ಕೇ ಹಗಲೂ ರಾತ್ರಿ ಕಣ್ಣಿಟ್ಟು ಕಾಯುತ್ತೇವೆ ಎಂದರು. ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ರಾತ್ರಿ ನಿದ್ದೆ ಮಾತ್ರ ಹಾರಿ ಹೋಯಿತು.

ಕೋಶ ತೆಗೆದ ದಿನ ಅವಳ ರಕ್ತ ಒಂದು ತೋಳಿನಿಂದ ಹೊರಟು, ಯಂತ್ರದೊಳಗೆ ಗಿರ್ರನೆ ತಿರುಗಿ, ಟಿ ಕೋಶ ಬಿಟ್ಟುಕೊಟ್ಟು, ಇನ್ನೊಂದು ತೋಳಿಗೆ ಮರಳುತ್ತಿತ್ತು. "ಡೇರ್ಯಾಗ ಹಾಲಿನ ಕೆನಿ ತಗಿಯೋ ಮಿಶಿನ್ ಇದ್ದಂಗೈತಿ," ಎಂದು ಮಲಗಿದಲ್ಲೇ ಹೇಳಿದಳು. ನಾನು ತಿರುಗಿಸಿ ಹೇಳಿದಾಗ ಅದೇ ತತ್ವವೆಂದು ನರ್ಸು ಊಟೆ ಒಪ್ಪಿದಳು. ಊಟೆ ನಡುವಯಸ್ಸಿನ ದಪ್ಪ ಹೆಂಗಸು, ನಡೆದರೆ ನೆಲ ನಡುಗಬೇಕು, ಮುಟ್ಟಿದರೆ ಹತ್ತಿಯ ಕೈ.

ಕೆಲವು ವಾರದ ಮೇಲೆ ಕೋಶಗಳು ತಯಾರಾದವು. ಅವಕ್ಕೆ ಮೈಯಲ್ಲಿ ಜಾಗ ಮಾಡಲು ಮೊದಲು ಬಿರುಸಾದ ಔಷಧಿ ಕೊಟ್ಟರು. ಸೋಂಕು ತಗುಲಬಾರದೆಂದು ಆ ದಿನಗಳಲ್ಲಿ ಮೊಸರು ಮಜ್ಜಿಗೆ ಬಂದ್. ಸೂಜಿಗೆ, ಔಷಧಿಗೆ ಒಮ್ಮೆಯೂ ಕುಂಯ್ ಎನ್ನದವಳು ಮಜ್ಜಿಗೆಗಾಗಿ ಮುಖ ಗಂಟಿಕ್ಕಿಕೊಂಡಳು.

ಚೀಲ ಬಂದದ್ದು ಹೊಗೆಯಾಡುವ ಡಬ್ಬಿಯಲ್ಲಿ, ಮಂಜಿನಂತೆ ಗಡ್ಡೆ ಕಟ್ಟಿ. ಬೆಚ್ಚನೆ ನೀರಿನಲ್ಲಿ ಕರಗಿಸಿ ಕಂಬಿಗೆ ನೇತುಹಾಕಿದರು. ಒಂದು ಚಹಾ ಕುಡಿಯುವಷ್ಟರಲ್ಲಿ ಎಲ್ಲಾ ಒಳಗೆ ಇಳಿದಿತ್ತು. ಇಷ್ಟೇನಾ ಎನ್ನಿಸಿತು. ಕೋಶ ಕೆಡದಂತೆ ಬೆರೆಸಿದ ದ್ರವದಿಂದಾಗಿ ಅವಳ ಉಸಿರಿಗೆ, ಕೋಣೆಗೆಲ್ಲ ಬೆಳ್ಳುಳ್ಳಿಯ ವಾಸನೆ ಹಬ್ಬಿತು. ಊಟೆ ಅದಕ್ಕಾಗಿ ಕ್ಷಮೆ ಕೇಳಿ ಕಿಟಕಿ ತೆರೆಯಲು ಹೋದಳು.

ಅನ್ನಪೂರ್ಣ ಮೂಗರಳಿಸಿ, "ಎಷ್ಟ್ ದಿನಾ ಆಗಿತ್ರಿ ಒಗ್ಗರಣಿ ವಾಸನಿ ನೋಡಿ! ಇರಲಿ ಬಿಡು ಅನ್ರಿ," ಎಂದಳು.

ತೊಂಬತ್ತು, ಎಂಬತ್ತು, ಎಪ್ಪತ್ತು

ಅಂದಿನಿಂದ ಅವಳ ಮಿದುಳಿನ ಪರೀಕ್ಷೆ, ದಿನಕ್ಕೆ ಹಲವು ಸಲ. ಇದು ಯಾವ ಊರು? ಇದೇನು, ಪೆನ್ನೋ ಗಡಿಯಾರವೋ? ಒಂದು ವಾಕ್ಯ ಬರೆ. ನೂರರಿಂದ ಹತ್ತು ಹತ್ತು ಕಡಿಮೆ ಮಾಡುತ್ತಾ ಹಿಂದಕ್ಕೆ ಎಣಿಸು. ಉತ್ತರ ತಡವರಿಸಿದರೆ, ಅಕ್ಷರ ಓಲಾಡಿದರೆ ಕೋಶಗಳು ಮಿದುಳನ್ನು ಕೆಣಕಿವೆ ಎಂದು ಅರ್ಥ.

ನಾನಿಲ್ಲದ ಹೊತ್ತಿಗೆ ಬೇಕಾಗುತ್ತದೆಂದು ಕನ್ನಡದ ಅಂಕಿಗಳ ಉಚ್ಚಾರವನ್ನು ಅವರ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಊಟೆ ಅದನ್ನು ಬಾಯಿಪಾಠ ಮಾಡಿ, ಬಾಗಿಲಲ್ಲೇ "ತೊಂಬಟ್ಟು, ಎಂಬಟ್ಟು, ಎಪ್ಪಟ್ಟು" ಎಂದು ಹಾಡುತ್ತಾ ಬರುತ್ತಿದ್ದಳು. ಅನ್ನಪೂರ್ಣ ಬರೆದ ವಾಕ್ಯಗಳನ್ನು ನಾನು ಡಾಕ್ಟರಿಗೆ ಅನುವಾದಿಸಬೇಕು. ಒಮ್ಮೆ "ಎಮ್ಮಿಗೆ ನೀರು ಕುಡಿಸಿದರೋ ಇಲ್ಲೋ" ಎಂದು ಬರೆದಿದ್ದಳು. ಇನ್ನೊಮ್ಮೆ "ಈ ಡಾಕ್ಟರಗೆ ಯಾರೂ ಊಟಕ್ಕೆ ಹಾಕೂದಿಲ್ಲೇನು" ಎಂದು. ಅದನ್ನು ಡಾಕ್ಟರರ ಆರೋಗ್ಯದ ಬಗ್ಗೆ ಕಾಳಜಿ ಎಂದು ಅನುವಾದಿಸಿದೆ.

ಮೂರನೆಯ ದಿನ ಜ್ವರ ಬಂತು. ಕೋಶಗಳು ಕೆಲಸ ಶುರು ಮಾಡಿವೆ ಎಂದು ಡಾಕ್ಟರು ಸಂತೋಷವನ್ನೂ ಆತಂಕವನ್ನೂ ಒಟ್ಟಿಗೆ ತೋರಿಸಿದರು. ಮರುದಿನ ಬೆಳಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಫೋನು. ಊಟೆಯ ದನಿ ಹಾಡಿನಂತಿರಲಿಲ್ಲ. "ಅವಳು ಅಂಕಿ ಮರೆತಿದ್ದಾಳೆ. ಏನೇನೋ ಮಾತಾಡುತ್ತಿದ್ದಾಳೆ. ತಕ್ಷಣ ಬನ್ನಿ."

ಹೇಗೆ ಇಳಿದೆನೋ ಗೊತ್ತಿಲ್ಲ. ಕಾಲಿಗೆ ಒಂದು ನನ್ನ ಚಪ್ಪಲಿ, ಒಂದು ಅನ್ನಪೂರ್ಣಳದ್ದು. ರಸ್ತೆಯಲ್ಲಿ ಕೆಂಪು ಮನುಷ್ಯ ನಿಂತಿದ್ದ. ಅವನನ್ನು ದಾಟಿ ಓಡಿದೆ. ನಿಂತ ಗುಂಪಿನಿಂದ ಒಬ್ಬ ಹೆಂಗಸು ಜರ್ಮನ್ ಭಾಷೆಯಲ್ಲಿ ಬೈದಳು, ಬೈಗುಳ ಎನ್ನುವುದು ಮಾತ್ರ ಚೆನ್ನಾಗಿ ತಿಳಿಯಿತು. "ಅನಪೂರ್ಣಿ, ಲೇ, ತಲಿ ನೆಟ್ಟಗಿಟ್ಕೊ" ಎಂದು ಗಟ್ಟಿಯಾಗಿ ಹೇಳುತ್ತಾ ಓಡುತ್ತಿದ್ದೆ. ಎಂಥ ದೊಡ್ಡ ಆಸೆ ಹೊತ್ತು ಬಂದಿದ್ದೆ, ನಾನೇ ಇವಳನ್ನು ಕರೆತಂದು ಕೆಡಿಸಿಬಿಟ್ಟೆನೇ ಎಂದು ಭಯವಾಗಿತ್ತು.

ಕೋಣೆಯಲ್ಲಿ ಹೆನ್ನಿಂಗ್, ಊಟೆ, ಮಿದುಳಿನ ಡಾಕ್ಟರೊಬ್ಬರು. ಸ್ಟೀರಾಯ್ಡಿನ ಸಿರಿಂಜು ತಟ್ಟೆಯಲ್ಲಿ ಸಿದ್ಧ. ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ಮಿದುಳು ಉಳಿಯಬಹುದು, ಆದರೆ ಕಷ್ಟಪಟ್ಟು ಬೆಳೆಸಿದ ಹೊಸ ಕೋಶಗಳೂ ಕುಗ್ಗಬಹುದು ಎಂದು ಹೆನ್ನಿಂಗ್ ಅವಸರದಲ್ಲಿ ಹೇಳಿದರು. ಅನ್ನಪೂರ್ಣ ಜ್ವರದಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡು ಎಲ್ಲರನ್ನೂ ನೋಡುತ್ತಿದ್ದಳು.

"ಎಣಸು," ಎಂದೆ.

"ಮುಂಜಾನಿಂದ ಅದನ್ನ ಮಾಡಾಕ ಹತ್ತೀನ್ರಿ ಅಕ್ಕಾ. ತೊಂಬೈ, ಎನಬೈ, ಡೆಬ್ಬೈ, ಅರವೈ, ಯಾಬೈ... ತಪ್ಪೇನೈತಿ ಅದರಾಗ? ಈಕಿ ಊಟಿ ಯಾಕ ತಲಿ ಮ್ಯಾಲ ಕೈ ಇಟ್ಕೊಂಡ್ಲು?"

ನಾನು ಗೋಡೆಗೆ ಒರಗಿ ನಿಂತೆ. ನಗುವೂ ಅಳುವೂ ಒಟ್ಟಿಗೆ ಬಂದವು. ಅದು ತೆಲುಗು. ಅನ್ನಪೂರ್ಣಳ ತವರು ಆಂಧ್ರದ ಆದೋನಿಯ ಕಡೆ. ಅವಳು ಮಗ್ಗಿ ಕಲಿತದ್ದು ತೆಲುಗು ಶಾಲೆಯಲ್ಲಿ, ಕನ್ನಡ ಅಕ್ಷರ ಆಮೇಲೆ. ಗದ್ದೆಯಲ್ಲೂ ಭತ್ತದ ಸಿವುಡು ಎಣಿಸುವಾಗ ತೆಲುಗು, ಜಗಳಕ್ಕೆ ಕನ್ನಡ. ನಮ್ಮ ಕಡೆ ಇದು ಯಾರಿಗೂ ವಿಶೇಷವಲ್ಲ. ಜ್ವರ ಏರಿದಾಗ ಅವಳು ತವರಿನ ಅಂಕಿಗೆ ಹೋಗಿದ್ದಳು, ಅಷ್ಟೇ. ಬಾಯಿಪಾಠ ಮಾಡಿದ ಊಟೆಗೆ ಚೀಟಿಯಲ್ಲಿಲ್ಲದ ಪದಗಳು ಕೇಳಿಸಿದ್ದವು.

ಡಾಕ್ಟರಿಗೆ ಹೇಳಿದೆ. ಅವರ ಮುಖ ಸಡಿಲಾಗಲಿಲ್ಲ. "ನೀವು ಅವಳ ಮನೆಯವರು. ಅವಳು ಸರಿಯಿರಲಿ ಎಂದು ಬಯಸುವವರು. ನಿಮ್ಮ ಮಾತಿನ ಮೇಲೆ ನಾನು ನಿರ್ಧಾರ ತೆಗೆದುಕೊಳ್ಳಲಾರೆ," ಎಂದರು. ಸಿಟ್ಟು ನೆತ್ತಿಗೇರಿತು. ಅವರು ಹೇಳಿದ್ದು ಸರಿ ಎಂದೂ ಅನಿಸಿತು. ಊಟೆಯ ಕೈಯಿಂದ ಫೋನು ಕಸಿದುಕೊಂಡು, ಭಾಷೆ ಹೇಳಿಕೊಡುವ ಪುಟ ಹುಡುಕಿ, ತೆಲುಗು ಅಂಕಿಗಳ ಮೇಲೆ ಬೆರಳೊತ್ತಿದೆ. ಯಂತ್ರದ ಹೆಣ್ಣು ದನಿ ಸ್ಪಷ್ಟವಾಗಿ "ತೊಂಬೈ" ಎಂದಿತು. ಅನ್ನಪೂರ್ಣ ಹಾಸಿಗೆಯಿಂದ "ಎನಬೈ" ಎಂದಳು. ಯಂತ್ರವೂ "ಎನಬೈ" ಎಂದಿತು. ಇಬ್ಬರೂ ಹೀಗೆ ಹತ್ತರವರೆಗೆ ಇಳಿದರು. ಮಿದುಳಿನ ಡಾಕ್ಟರು ಅವಳ ಕೈಯಲ್ಲಿ ಒಂದು ವಾಕ್ಯ ಬರೆಸಿದರು. ಅಕ್ಷರಗಳು ನೆಟ್ಟಗೆ ನಿಂತಿದ್ದವು.

"ಏನು ಬರೆದಿದ್ದಾಳೆ?" ಎಂದರು ಹೆನ್ನಿಂಗ್.

"ನನಗ ಹುಚ್ಚು ಹಿಡಿದಿಲ್ಲ, ನಿಮಗ ತೆಲುಗು ಬರೂದಿಲ್ಲ," ಎಂದು ಓದಿ, ಈ ಸಲ ಯಥಾವತ್ತಾಗಿ ಅನುವಾದಿಸಿದೆ.

ಸಿರಿಂಜು ತಟ್ಟೆಯ ಸಮೇತ ಹೊರಗೆ ಹೋಯಿತು. ಊಟೆ ನನ್ನನ್ನು ತಬ್ಬಿಕೊಂಡು, ಆಮೇಲೆ ಗೋಡೆಯ ಚೀಟಿಯ ಪಕ್ಕ ತೆಲುಗು ಅಂಕಿಗಳ ಇನ್ನೊಂದು ಚೀಟಿ ಅಂಟಿಸಿದಳು. ಜ್ವರ ಇನ್ನೆರಡು ದಿನ ಕಾಡಿ ಇಳಿಯಿತು. ಅಷ್ಟರಲ್ಲಿ ಆ ಮಹಡಿಯ ನರ್ಸುಗಳಿಗೆಲ್ಲ ಎರಡು ದ್ರಾವಿಡ ಭಾಷೆಗಳಲ್ಲಿ ಹಿಂದಕ್ಕೆ ಎಣಿಸಲು ಬರುತ್ತಿತ್ತು.

ಶನಿವಾರದ ಸದ್ದು

ರಕ್ತದ ವರದಿ ಬಂದ ದಿನ ಹೆನ್ನಿಂಗ್ ಬಾಗಿಲು ತಟ್ಟುವುದನ್ನೂ ಮರೆತು ಒಳಗೆ ನುಗ್ಗಿದರು. ಬಿ ಕೋಶ ಒಂದೂ ಇಲ್ಲ! ಪೂರ್ತಿ ಸ್ವಚ್ಛ! ಸ್ಟೀರಾಯ್ಡ್ ಗುಳಿಗೆ ನಿಲ್ಲಿಸಿದರು. ಇಷ್ಟು ದಿನ ಗುಳಿಗೆ ಇಳಿಸಿದಾಗಲೆಲ್ಲ ಏರುತ್ತಿದ್ದ ಕಾಹಿಲೆ ಈ ಸಲ ಏರಲಿಲ್ಲ. ಸ್ನಾಯು ಸವೆಯುವುದನ್ನು ತೋರಿಸುವ ಅಂಶ ರಕ್ತದಲ್ಲಿ ವಾರ ವಾರಕ್ಕೂ ಇಳಿಯಿತು.

ಅನ್ನಪೂರ್ಣ ಅತಿಥಿಗೃಹಕ್ಕೆ ಬಂದಳು. ಮೊದಲು ಲೋಟವನ್ನು ಒಂದೇ ಕೈಯಲ್ಲಿ ಎತ್ತಿದಳು. ಆಮೇಲೆ ಹೊಳೆದಂಡೆಯಲ್ಲಿ ನನ್ನ ಭುಜ ಬಿಟ್ಟು ನಡೆದಳು. ಒಂದು ಬೆಳಗ್ಗೆ ಕನ್ನಡಿಯ ಮುಂದೆ ನಿಂತು, ನನ್ನನ್ನು ಕರೆಯದೆ, ತಾನೇ ಜಡೆ ಹೆಣೆದುಕೊಂಡಳು. ಸೊಟ್ಟ ಜಡೆ. ಅಷ್ಟು ಚಂದದ ಜಡೆಯನ್ನು ನಾನು ಮದುವೆ ಮನೆಗಳಲ್ಲೂ ನೋಡಿಲ್ಲ. ಹಾಗೆಂದು ಹೇಳಿದರೆ "ಹುಚ್ಚಿ ಅದೀರಿ ನೀವು" ಎಂದಳು.

ಅದೇ ವಾರ ಶನಿವಾರ ನಾನು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಾ ನಿಂತಿದ್ದಳು. ಪಟ ಪಟ ಪಟ, ಒಂದೇ ಲಯ. ನಾನು ಚೀಲ ಹಿಡಿದು ಬಾಗಿಲಲ್ಲೇ ನಿಂತೆ. ಹಿಂದೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕೆಳಮನೆಯ ಮುದುಕ.

"ಇವತ್ತು ಶನಿವಾರ," ಎಂದೆ ಬಿರುಸಾಗಿ.

"ಗೊತ್ತು. ಇವತ್ತು ಬಡಿಯುತ್ತಿರುವವರು ಬೇರೆ. ನಿಮಗಿಂತ ಚೆನ್ನಾಗಿ ಬಡಿಯುತ್ತಾರೆ. ಯಾರು ಎಂದು ನೋಡಲು ಬಂದೆ," ಎಂದ.

ನನಗೆ ಹೊಟ್ಟೆಕಿಚ್ಚಾಗಬೇಕಿತ್ತು. ಆಗಲಿಲ್ಲ ಎಂದರೆ ಸುಳ್ಳು, ಸ್ವಲ್ಪ ಆಯಿತು. ಮುದುಕನನ್ನು ಒಳಗೆ ಕೂರಿಸಿದೆ. ಅವನು ಶೇಂಗಾ ಚಟ್ನಿ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ಕಣ್ಣಲ್ಲಿ ನೀರು ಬಂದಿತ್ತು, ಅದು ಖಾರಕ್ಕೆ. ನನ್ನ ಕಣ್ಣಲ್ಲಿ ಬಂದದ್ದನ್ನೂ ಖಾರದ ಲೆಕ್ಕಕ್ಕೇ ಹಾಕಿದೆ.

ಕೊನೆಯ ಭೇಟಿ

ಚೀಲದ ಕೋಶಗಳು ಮೈಗೆ ಇಳಿದು ಮೂರು ತಿಂಗಳಾದ ಮೇಲೆ ಕೊನೆಯ ತಪಾಸಣೆ. ಹೊಸ ಬಿ ಕೋಶಗಳು ಒಂದೊಂದಾಗಿ ಹುಟ್ಟಿ ಬರುತ್ತಿದ್ದವು. ಚಾಡಿ ಹೇಳುವ ಆ ಪ್ರತಿಕಾಯ ಮಾತ್ರ ಹುಡುಕಿದರೂ ಸಿಗಲಿಲ್ಲ. ಹೆನ್ನಿಂಗ್ ಎಂದಿನ ಎಚ್ಚರದಲ್ಲಿ, "ಇವತ್ತಿಗೆ ಕಾಹಿಲೆ ಕಾಣುತ್ತಿಲ್ಲ. ಮುಂದೆಯೂ ನೋಡುತ್ತಿರಬೇಕು," ಎಂದರು. ಆಮೇಲೆ ಶಕ್ತಿಯ ಪರೀಕ್ಷೆ. ಕುರ್ಚಿಯ ಮೇಲೆ ಕೂತು, ಕೈಗಳನ್ನು ಎದೆಗೆ ಕಟ್ಟಿಕೊಂಡು, ಏನನ್ನೂ ಹಿಡಿಯದೆ ಏಳಬೇಕು. ಬಂದ ದಿನ ಅವಳಿಂದ ಒಂದು ಸಲವೂ ಆಗಿರಲಿಲ್ಲ.

ಊರಿನ ಇಳಕಲ್ ಸೀರೆ ಉಟ್ಟು ಬಂದಿದ್ದ ಅನ್ನಪೂರ್ಣ ಎದ್ದಳು, ಕೂತಳು, ಎದ್ದಳು, ಕೂತಳು. ಹೆನ್ನಿಂಗ್ ಸಾಕು ಎನ್ನುವವರೆಗೂ ನಿಲ್ಲಿಸಲಿಲ್ಲ. ಊಟೆ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ. ಅನ್ನಪೂರ್ಣಳ ಮುಖದಲ್ಲಿ ಮಾತ್ರ ಗೆಲುವಿಲ್ಲ.

"ಇದೇನ್ ಪರೀಕ್ಷಿರಿ ಅಕ್ಕಾ," ಎಂದಳು. "ಕುರ್ಚಿ ಮ್ಯಾಲಿಂದ ಯಾರಾದ್ರೂ ಏಳ್ತಾರ. ನಾವು ಉಣ್ಣೋದು ನೆಲದ ಮ್ಯಾಲ, ಕಾಯಿಪಲ್ಯ ಹೆಚ್ಚೋದು ನೆಲದ ಮ್ಯಾಲ, ಪೂಜಿ ನೆಲದ ಮ್ಯಾಲ. ನೆಲದಿಂದ ಎದ್ರ ಅದು ಎದ್ದಂಗ. ಇವರ ಪರೀಕ್ಷ್ಯಾಗ ನೆಲಾನ ಇಲ್ಲಲ್ಲ?"

ನಾನು ಬಾಯಿ ತೆರೆಯುವುದರೊಳಗೆ ಅವಳು ಹೆನ್ನಿಂಗರ ಕಾಲ ಮುಂದೆ ನೆಲದ ಮೇಲೆ ಕೂತುಬಿಟ್ಟಳು. ಆ ದೇಶದಲ್ಲಿ ನೆಲಕ್ಕೆ ಯಾರೂ ಕೂರುವುದಿಲ್ಲ, ಬೀಳುತ್ತಾರೆ ಅಷ್ಟೇ. ಊಟೆ ಕಿರುಚಿ ಗೋಡೆಯ ಮೇಲಿನ ತುರ್ತುಗಂಟೆಯ ಕೆಂಪು ಗುಂಡಿಗೆ ಹಾರಿದಳು. ನಾನು ಊಟೆಯ ಕೈ ಹಿಡಿದೆಳೆದೆ. "ಬಿದ್ದಿಲ್ಲ! ಕೂತಿದ್ದಾಳೆ!"

ಅನ್ನಪೂರ್ಣ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ನಮ್ಮೆಲ್ಲರನ್ನೂ ಒಮ್ಮೆ ನೋಡಿದಳು. ಕೈ ಎರಡೂ ಎದೆಯ ಮೇಲೆ. ಇಷ್ಟು ದಿನ ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿದ ನನ್ನ ತೋಳುಗಳು ತಾವಾಗಿಯೇ ಮುಂದೆ ಹೋದವು. ಅವಳು ತಲೆಯಲ್ಲೇ ಬೇಡವೆಂದಳು. ಮುಂದಕ್ಕೆ ಬಾಗಿದಳು. ತೊಡೆ ನಡುಗಿತು. ಒಂದು ಗಳಿಗೆ ಅಲ್ಲೇ ನಿಂತಳು, ಅರ್ಧಕ್ಕೆ. ಆಮೇಲೆ ಎದ್ದು ನಿಂತಳು.

ಹೆನ್ನಿಂಗ್ ಕನ್ನಡಕ ತೆಗೆದು ಒರೆಸಿಕೊಂಡರು. "ಇದು ನನ್ನಿಂದ ಆಗುತ್ತದೋ ಇಲ್ಲವೋ," ಎಂದು ತಮ್ಮಷ್ಟಕ್ಕೇ ಹೇಳಿ, ಕೋಟು ಕಳಚಿ ಊಟೆಯ ಕೈಗೆ ಕೊಟ್ಟು, ಆ ಉದ್ದನೆಯ ಕಾಲುಗಳನ್ನು ಮಡಚಿ ನೆಲಕ್ಕೆ ಕೂತರು. ಕೂರುವುದು ಹೇಗೋ ಆಯಿತು. ಏಳಲು ಆಗಲಿಲ್ಲ. ಒಂದು ಸಲ ಎಡಕ್ಕೆ ವಾಲಿದರು. ಪಕ್ಕದ ಮೇಜು ಹಿಡಿದರೆ ಅದಕ್ಕೆ ಗಾಲಿ, ಸರ್ರನೆ ಸರಿದು ಹೋಯಿತು. ಊಟೆ ಬಾಯಿಗೆ ಕೋಟು ಒತ್ತಿಕೊಂಡು ನಗುತ್ತಿದ್ದಳು.

ಅನ್ನಪೂರ್ಣ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಕಾಲು ಅಗಲಿಸಿ ನಿಂತು, ಬಲಗೈ ಮುಂದೆ ಚಾಚಿ, "ಹಿಡೀರಿ, ಗಟ್ಟ್ಯಾಗಿ ಹಿಡೀರಿ," ಎಂದು ಕನ್ನಡದಲ್ಲೇ ಹೇಳಿದಳು. ಹೆನ್ನಿಂಗ್ ಹಿಡಿದರು. ಅವಳು ಒಂದೇ ಎಳೆತಕ್ಕೆ ಆ ಲೈಟು ಕಂಬವನ್ನು ನೆಟ್ಟಗೆ ನಿಲ್ಲಿಸಿದಳು.

ಆಮೇಲೆ ಕೈ ಕೊಡವಿಕೊಂಡು ನನ್ನ ಕಡೆ ತಿರುಗಿ, "ಕಾಲುವಿಗಿ ನೀರು ಬಿಟ್ಟಾರಂತ್ರಿ ಅಕ್ಕಾ. ನಡೀರಿ, ನಾಟಿ ಮಾಡೋದೈತಿ," ಎಂದಳು.